ಒಂದೊಂದೇ ಹಾಳೆ: ಬಣ್ಣದ ಪ್ರಿಂಟರಿನಲ್ಲಿ ಕಾಗದದ ನಡೆ

ಆಷಾಢದ ಒಂದು ಮಧ್ಯಾಹ್ನ ನಾವು ಅರಕಲಗೂಡಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ಮಳೆ ನಿಲ್ಲುವುದನ್ನು ಕಾಯುತ್ತ ನಿಂತಿದ್ದೆವು. ವಯಸ್ಸಾದ ರೈತರೊಬ್ಬರು ಒಳಗೆ ಬಂದು, ಪ್ಲಾಸ್ಟಿಕ್ ಚೀಲದಿಂದ ತಮ್ಮ ಮನೆಯ ಪಾಲುಪಟ್ಟಿಯನ್ನು ಜೋಪಾನವಾಗಿ ತೆಗೆದು ಮೇಜಿನ ಮೇಲಿಟ್ಟರು. ಹದಿನಾಲ್ಕು ಹಾಳೆಗಳ ಪತ್ರ. ಕೊನೆಯದು ಜಮೀನಿನ ನಕ್ಷೆ. ನಕ್ಷೆಯಲ್ಲಿ ಅಣ್ಣನ ಪಾಲಿಗೆ ಕೆಂಪು ಗೆರೆ, ತಮ್ಮನ ಪಾಲಿಗೆ ಹಸಿರು ಗೆರೆ. ಆದಕಾರಣ ಪ್ರತಿಯೂ ಬಣ್ಣದ್ದೇ ಆಗಬೇಕಾಗಿತ್ತು. ಯಂತ್ರವು ಮೊದಲನೆಯ ಹಾಳೆಯನ್ನು ಅರ್ಧ ನುಂಗಿ ನಿಂತುಬಿಟ್ಟಿತು. ಅಂಗಡಿಯ ಯುವಕ ಮುಚ್ಚಳ ತೆರೆದು ಸುಕ್ಕಾದ ಕಾಗದವನ್ನು ಎಳೆದು ಹಾಕಿದ. ಎರಡನೆಯ ಬಾರಿಯೂ ಅದೇ ಗತಿಯಾಯಿತು.

“ಐದು ಗಂಟೆ ಬಸ್ಸು ಹೊರಟೋಯ್ತದಪ್ಪ” ಎಂದರು ರೈತರು.

“ಇರಿ ಯಜಮಾನ್ರೇ, ಮಿಷಿನ್ ಸರಿಯಾಗೇ ಐತೆ. ಕಾಗದಕ್ಕೆ ಥಂಡಿ ಹಿಡಿದೈತೆ” ಎಂದು ಹೇಳಿ, ಯುವಕ ಟ್ರೇಯಲ್ಲಿದ್ದ ಕಾಗದವನ್ನೆಲ್ಲ ಹೊರಗೆ ತೆಗೆದು, ಹೊಸ ಕಟ್ಟೊಂದನ್ನು ಒಡೆದು, ಇಸ್ಪೀಟು ಎಲೆಗಳಂತೆ ಅದರ ಅಂಚನ್ನು ಬೀಸಿ ಒಳಗಿಟ್ಟ. ಯಂತ್ರವು ತಕರಾರಿಲ್ಲದೆ ನಡೆಯತೊಡಗಿತು.

ಕಾಗದಕ್ಕೆ ಥಂಡಿ ಹಿಡಿಯುವುದೆಂಬುದು ಬರಿಯ ವಿನೋದದ ಮಾತಲ್ಲ. ಬಣ್ಣ ಹಚ್ಚುವುದೇ ಬಣ್ಣದ ಪ್ರಿಂಟರಿನ ಕಠಿಣ ಕೆಲಸವೆಂದು ನಾವೆಲ್ಲ ಭಾವಿಸುತ್ತೇವೆ. ಆದರೆ ಅಂಗಡಿಗಳಲ್ಲಿ ಯಂತ್ರಗಳು ದಿನನಿತ್ಯ ಮುಗ್ಗರಿಸುವುದು ಹೆಚ್ಚಾಗಿ ಬಣ್ಣದಲ್ಲಲ್ಲ, ನಡೆಯಲ್ಲಿ. ಕಟ್ಟಿನ ಮೇಲಿನಿಂದ ಒಂದೇ ಒಂದು ಹಾಳೆಯನ್ನು ತೆಗೆದುಕೊಂಡು, ಓರೆಯಾಗದಂತೆ, ತಡವಾಗದಂತೆ, ಕೂದಲೆಳೆಯಷ್ಟೂ ತಪ್ಪದಂತೆ ಆಚೆಗೆ ಸಾಗಿಸುವುದು ಹೇಗೆ? ಈ ಪ್ರಶ್ನೆಯನ್ನೇ ಈ ಲೇಖನದಲ್ಲಿ ವಿಚಾರಿಸೋಣ.

ಹೆಬ್ಬೆರಳಿನ ಕೆಲಸ

ಹಿಂದೆ ನಮ್ಮ ಊರುಗಳ ಸಣ್ಣ ಮುದ್ರಣಾಲಯಗಳಲ್ಲಿ ಟ್ರೆಡಲ್ ಯಂತ್ರಗಳಿದ್ದುವು. ಅಲ್ಲಿ ಕಾಗದ ಕೊಡುವ ಕೆಲಸ ಮನುಷ್ಯನದು. ಯಂತ್ರದ ಬಾಯಿ ತೆರೆದಾಗ ಬಲಗೈಯಿಂದ ಹೊಸ ಹಾಳೆಯನ್ನಿಟ್ಟು, ಎಡಗೈಯಿಂದ ಅಚ್ಚಾದುದನ್ನು ತೆಗೆಯಬೇಕು. ಹಾಳೆ ಬೇರೆಯಾಗದಿದ್ದರೆ ಹೆಬ್ಬೆರಳನ್ನು ತುಸು ಒದ್ದೆ ಮಾಡಿಕೊಂಡರಾಯಿತು. ಎರಡು ಹಾಳೆ ಬಂದರೆ ಬೆರಳಿಗೆ ತಾನಾಗಿಯೇ ತಿಳಿಯುತ್ತಿತ್ತು. ಹಾಳೆ ಓರೆಯಾದರೆ ಕಣ್ಣಿಗೆ ಕಾಣುತ್ತಿತ್ತು.

ಪ್ರಿಂಟರಿಗೆ ಬೆರಳೂ ಇಲ್ಲ, ಕಣ್ಣೂ ಇಲ್ಲ. ಬೆರಳಿಗೆ ಬದಲಾಗಿ ಅದಕ್ಕೆ ರಬ್ಬರಿನ ಹೊದಿಕೆಯುಳ್ಳ ಒಂದು ರೋಲರಿದೆ. ಇದನ್ನು ರಿಪೇರಿಯವರು ಪಿಕಪ್ ರೋಲರು ಎನ್ನುತ್ತಾರೆ. ಟ್ರೇಯ ಕೆಳಗಿನ ಸ್ಪ್ರಿಂಗು ಕಾಗದದ ಕಟ್ಟನ್ನು ಮೇಲಕ್ಕೆತ್ತಿ ಈ ರೋಲರಿಗೆ ಒತ್ತಿ ಹಿಡಿಯುತ್ತದೆ. ರೋಲರು ತಿರುಗಿದಾಗ ಮೇಲಿನ ಹಾಳೆ ಮುಂದಕ್ಕೆ ಜಾರುತ್ತದೆ. ನೋಡುವುದಕ್ಕೆ ಇಷ್ಟೇ. ಆದರೆ ಎರಡನೆಯ ಹಾಳೆ ಅದರ ಹಿಂದೆಯೇ ಏಕೆ ಹೊರಡಬಾರದು?

ಘರ್ಷಣೆಯ ಲೆಕ್ಕ

ಘರ್ಷಣೆಯ ಬಲವು ಎರಡು ಮೈಗಳನ್ನು ಒತ್ತುವ ಬಲಕ್ಕೆ ಅನುಪಾತದಲ್ಲಿರುತ್ತದೆಂಬ ನಿಯಮವನ್ನು ಫ್ರಾನ್ಸಿನ ಅಮೋಂಟನ್ಸ್ ೧೬೯೯ರಲ್ಲಿ ಪ್ರಕಟಿಸಿದನು. ಒತ್ತುವ ಬಲವನ್ನು ಯಾವ ಸಂಖ್ಯೆಯಿಂದ ಗುಣಿಸಿದರೆ ಘರ್ಷಣೆ ದೊರೆಯುವುದೋ ಅದೇ ಘರ್ಷಣ ಗುಣಾಂಕ. ನಮ್ಮ ವಿವರಣೆಗಾಗಿ ಕೆಲವು ಸಂಖ್ಯೆಗಳನ್ನು ಇಟ್ಟುಕೊಳ್ಳೋಣ. ರೋಲರು ಕಾಗದವನ್ನು ೨೦೦ ಗ್ರಾಂ ಭಾರದಷ್ಟು ಒತ್ತುತ್ತಿರಲಿ. ರಬ್ಬರಿಗೂ ಕಾಗದಕ್ಕೂ ನಡುವಿನ ಗುಣಾಂಕ ೧.೨ ಇರಲಿ, ಕಾಗದಕ್ಕೂ ಕಾಗದಕ್ಕೂ ೦.೫ ಇರಲಿ.

ರೋಲರು ಮೇಲಿನ ಹಾಳೆಯನ್ನು ೨೪೦ ಗ್ರಾಂವರೆಗಿನ ಬಲದಿಂದ ಎಳೆಯಬಲ್ಲದು. ಕೆಳಗಿನ ಹಾಳೆ ಅದನ್ನು ಹಿಡಿದು ನಿಲ್ಲಿಸುವ ಬಲ ೧೦೦ ಗ್ರಾಂ ಮಾತ್ರ. ಆದುದರಿಂದ ಮೊದಲನೆಯ ಹಾಳೆ ಹೊರಡುವುದರಲ್ಲಿ ಸಂದೇಹವಿಲ್ಲ. ಆದರೆ ಅದೇ ೧೦೦ ಗ್ರಾಂ ಬಲವು ಎರಡನೆಯ ಹಾಳೆಯನ್ನೂ ಮುಂದಕ್ಕೆ ಎಳೆಯುತ್ತದೆ! ಎರಡನೆಯದನ್ನು ಹಿಡಿದಿಡುವುದು ಯಾವುದು? ಮೂರನೆಯ ಹಾಳೆ. ಅದರ ಹಿಡಿತವೂ ಹೆಚ್ಚುಕಡಿಮೆ ೧೦೦ ಗ್ರಾಮೇ. ೮೦ ಗ್ರಾಂ ತೂಕದ ಕಾಗದವೆಂದು ನಾವು ಕೊಳ್ಳುವುದು ಚದರ ಮೀಟರಿಗೆ ೮೦ ಗ್ರಾಂ ತೂಗುವಂಥದು. ಎ-೪ ಅಳತೆಯ ಹಾಳೆ ಒಂದು ಚದರ ಮೀಟರಿನ ಹದಿನಾರನೆಯ ಒಂದು ಭಾಗ. ಹಾಗಾಗಿ ಒಂದು ಹಾಳೆಯ ತೂಕ ೫ ಗ್ರಾಂ ಮಾತ್ರ. ಈ ಐದು ಗ್ರಾಮಿನಿಂದ ಮೂರನೆಯ ಹಾಳೆಯ ಹಿಡಿತಕ್ಕೆ ದೊರೆಯುವ ಅನುಕೂಲ ಎರಡೂವರೆ ಗ್ರಾಂ. ನೂರಕ್ಕೆ ನೂರೆರಡೂವರೆ: ತಕ್ಕಡಿ ಎತ್ತ ಬೇಕಾದರೂ ವಾಲಬಹುದು. ಹೀಗೆ ಬಿಟ್ಟರೆ ಯಾವ ಯಂತ್ರವೂ ಒಂದು ದಿನ ಸರಿಯಾಗಿ ನಡೆಯಲಾರದು.

ಅದಕ್ಕಾಗಿ ರೋಲರಿನ ಮುಂದೆ ಒಂದು ಸಣ್ಣ ಪಟ್ಟಿಯನ್ನು ಇಟ್ಟಿರುತ್ತಾರೆ. ಇದರ ಮೈ ರಬ್ಬರಿನದೋ ಬಿರಟೆಯದೋ ಆಗಿರುತ್ತದೆ. ಇದರ ಹೆಸರು ಸೆಪರೇಷನ್ ಪ್ಯಾಡು. ಈ ಪ್ಯಾಡಿಗೂ ಕಾಗದಕ್ಕೂ ನಡುವಿನ ಗುಣಾಂಕ ೦.೮ ಇರಲಿ, ಹಿಡಿತ ೧೬೦ ಗ್ರಾಂ. ರೋಲರಿಗೂ ಪ್ಯಾಡಿಗೂ ನಡುವೆ ಒಂದೇ ಹಾಳೆ ಬಂದರೆ ರೋಲರಿನ ೨೪೦ ಗೆಲ್ಲುತ್ತದೆ, ಹಾಳೆ ಹೊರಡುತ್ತದೆ. ಎರಡು ಹಾಳೆ ಬಂದರೆ, ಕೆಳಗಿನದನ್ನು ಮೇಲಿನ ಹಾಳೆ ನೂರು ಗ್ರಾಂ ಬಲದಿಂದ ಎಳೆದರೂ ಪ್ಯಾಡು ೧೬೦ ಗ್ರಾಂ ಬಲದಿಂದ ಹಿಡಿದಿರುತ್ತದೆ. ಅದು ಅಲ್ಲೇ ಉಳಿಯುತ್ತದೆ. ರೋಲರಿನ ಹಿಡಿತ ಹೆಚ್ಚು, ಪ್ಯಾಡಿನದು ಅದಕ್ಕಿಂತ ಕಡಿಮೆ, ಕಾಗದ ಕಾಗದದ್ದು ಎಲ್ಲಕ್ಕಿಂತ ಕಡಿಮೆ. ಇಡೀ ಯಂತ್ರ ನಿಂತಿರುವುದು ಈ ಮೂರರ ಅನುಕ್ರಮದ ಮೇಲೆ. ದೊಡ್ಡ ಯಂತ್ರಗಳಲ್ಲಿ ಪ್ಯಾಡಿನ ಬದಲು ಇನ್ನೊಂದು ರೋಲರಿರುತ್ತದೆ. ಒಂದೇ ಹಾಳೆ ಬಂದಾಗ ಅದು ಹಾಳೆಯೊಡನೆ ಮುಂದಕ್ಕೆ ತಿರುಗುತ್ತದೆ. ಎರಡು ಬಂದಾಗ ಹಿಂದಕ್ಕೆ ತಿರುಗಿ ಕೆಳಗಿನದನ್ನು ಟ್ರೇಗೆ ದೂಡುತ್ತದೆ.

ಈ ಅನುಕ್ರಮ ಕೆಡುವುದು ಎರಡು ರೀತಿಯಲ್ಲಿ. ಸಾವಿರಾರು ಹಾಳೆಗಳನ್ನು ಎಳೆದ ರಬ್ಬರು ನುಣುಪಾಗುತ್ತದೆ. ಕಾಗದಕ್ಕೆ ಹಾಕಿರುವ ಸುಣ್ಣದಂಥ ಬಿಳಿಯ ಪುಡಿಯೂ ಅದರ ಮೇಲೆ ಕೂರುತ್ತದೆ. ಗುಣಾಂಕ ೧.೨ರಿಂದ ೦.೭ಕ್ಕೆ ಇಳಿಯಿತೆನ್ನಿ. ರೋಲರಿನ ಎಳೆತ ೧೪೦. ಪ್ಯಾಡಿನ ಹಿಡಿತ ೧೬೦. ರೋಲರು ತಿರುಗುತ್ತದೆ, ಕಾಗದ ಮಾತ್ರ ಕದಲುವುದಿಲ್ಲ. ಒದ್ದೆ ಬಟ್ಟೆಯಿಂದ ರೋಲರನ್ನು ಒರೆಸಿದ ಮೇಲೆ ಯಂತ್ರ ಸರಿಹೋಗುವುದರ ಗುಟ್ಟು ಇದೇ. ಇನ್ನೊಂದು ರೀತಿಯಲ್ಲಿ, ಹಾಳೆಗಳು ತಮ್ಮತಮ್ಮೊಳಗೆ ಅಂಟಿಕೊಂಡು ಅವುಗಳ ನಡುವಿನ ಗುಣಾಂಕ ೦.೯ಕ್ಕೆ ಏರಿದಂತಾದರೆ, ೧೬೦ರ ಪ್ಯಾಡನ್ನು ೧೮೦ರ ಎಳೆತ ಸೋಲಿಸುತ್ತದೆ. ಎರಡು ಹಾಳೆ ಒಟ್ಟಿಗೆ ಹೊರಡುತ್ತವೆ. ಯುವಕ ಕಾಗದದ ಅಂಚನ್ನು ಬೀಸಿದ್ದು ಈ ಅಂಟನ್ನು ಬಿಡಿಸಿ ಹಾಳೆ ಹಾಳೆಯ ನಡುವೆ ಗಾಳಿಯಾಡುವಂತೆ ಮಾಡಲಿಕ್ಕೆ.

ಗಡಿಯಾರವೇ ಕಣ್ಣು

ಹೊರಟ ಹಾಳೆ ನೇರವಾಗಿ ಬಣ್ಣದ ಬಳಿಗೆ ಹೋಗುವುದಿಲ್ಲ. ದಾರಿಯಲ್ಲಿ ರಿಜಿಸ್ಟ್ರೇಷನ್ ರೋಲರುಗಳೆಂಬ ಒಂದು ಜೋಡಿ ನಿಶ್ಚಲವಾಗಿ ಕಾಯುತ್ತಿರುತ್ತದೆ. ಹಾಳೆಯ ಮುಂದಿನ ಅಂಚು ಇದಕ್ಕೆ ಬಂದು ತಗುಲುತ್ತದೆ. ಹಿಂದಿನಿಂದ ನೂಕು ಇನ್ನೂ ನಡೆಯುತ್ತಿರುವುದರಿಂದ ಹಾಳೆ ತುಸು ಬಿಲ್ಲಿನಂತೆ ಬಾಗುತ್ತದೆ. ಓರೆಯಾಗಿ ಬಂದಿದ್ದ ಅಂಚು ಈ ಒತ್ತಡಕ್ಕೆ ಎರಡೂ ಕಡೆ ಸಮನಾಗಿ ರೋಲರಿಗೆ ಕೂರುತ್ತದೆ. ಬಾಗಿಲಿಗೆ ತಗುಲಿ ಸಾಲು ನೆಟ್ಟಗಾದಂತೆ! ಬಳಿಕ ಬಣ್ಣದ ಚಿತ್ರ ಸಿದ್ಧವಾಗಿ ಬರುವ ಕ್ಷಣಕ್ಕೆ ಸರಿಯಾಗಿ ರೋಲರುಗಳು ತಿರುಗಿ ಹಾಳೆಯನ್ನು ಒಳಕ್ಕೆ ಬಿಡುತ್ತವೆ.

ಈ ದಾರಿಯುದ್ದಕ್ಕೂ ಅಲ್ಲಲ್ಲಿ ಸಣ್ಣ ಪ್ಲಾಸ್ಟಿಕ್ ನಾಲಗೆಗಳಿರುತ್ತವೆ. ಹಾಳೆ ತಾಗಿದಾಗ ನಾಲಗೆ ಸರಿಯುತ್ತದೆ. ಅದರ ಇನ್ನೊಂದು ತುದಿಯು ಬೆಳಕಿನ ಸಣ್ಣ ಕಿರಣವೊಂದನ್ನು ತಡೆಯುತ್ತದೆ ಅಥವಾ ಬಿಡುತ್ತದೆ. ಹಾಳೆ ಹೊರಟು ಇಷ್ಟು ಹೊತ್ತಿಗೆ ಈ ನಾಲಗೆಗೆ ತಗುಲಬೇಕು, ಇಷ್ಟು ಹೊತ್ತಿಗೆ ಇದನ್ನು ದಾಟಬೇಕು ಎಂಬ ವೇಳಾಪಟ್ಟಿ ಯಂತ್ರದ ನೆನಪಿನಲ್ಲಿರುತ್ತದೆ. ವೇಳೆ ತಪ್ಪಿದರೆ ಯಂತ್ರವು “ಪೇಪರ್ ಜಾಮ್” ಎಂದು ಸಾರಿ ನಿಲ್ಲುತ್ತದೆ. ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು: ಜಾಮ್ ಎಂದರೆ ಕಾಗದ ಸಿಕ್ಕಿಕೊಂಡಿದೆಯೆಂದೇ ಅರ್ಥವಲ್ಲ, ಅನೇಕ ವೇಳೆ ಅದು ತಡವಾಗಿದೆಯೆಂದು ಮಾತ್ರ ಅರ್ಥ. ಯಂತ್ರ ಕಾಗದವನ್ನು ಕಾಣುವುದು ಗಡಿಯಾರದ ಮೂಲಕ.

ಕೆಂಪು ಗೆರೆ, ಹಸಿರು ಗೆರೆ

ಇನ್ನು ಬಣ್ಣದ ಮಾತು. ಪ್ರಿಂಟರಿನಲ್ಲಿ ಕೆಂಪು ಎಂಬ ಬಣ್ಣವೇ ಇಲ್ಲ, ಹಸಿರೂ ಇಲ್ಲ. ಇರುವುದು ಹಳದಿ, ಮೆಜೆಂಟಾ ಎಂಬ ನೇರಳೆಗೆಂಪು, ಸಯಾನ್ ಎಂಬ ಹಸಿರುನೀಲಿ ಮತ್ತು ಕಪ್ಪು. ಹಳದಿಯ ಮೇಲೆ ಮೆಜೆಂಟಾ ಬಿದ್ದರೆ ಕೆಂಪು; ಹಳದಿಯ ಮೇಲೆ ಸಯಾನ್ ಬಿದ್ದರೆ ಹಸಿರು. ನಮ್ಮ ರೈತರ ನಕ್ಷೆಯ ಅಣ್ಣನ ಗೆರೆಯೂ ತಮ್ಮನ ಗೆರೆಯೂ ಹೀಗೆ ಎರಡೆರಡು ಗೆರೆಗಳು ಒಂದರ ಮೇಲೊಂದು ಕೂತು ಆದಂಥವು.

ಕೂರುವುದು ಎಷ್ಟು ನಿಖರವಾಗಿರಬೇಕು? ಅಂಗುಲಕ್ಕೆ ೬೦೦ ಚುಕ್ಕೆಗಳ ಯಂತ್ರದಲ್ಲಿ ಒಂದು ಚುಕ್ಕೆಯ ಪಾಲಿಗೆ ಬರುವ ಜಾಗ ೦.೦೪೨ ಮಿಲಿಮೀಟರು. ಹಾಳೆಯ ದಪ್ಪ ಸುಮಾರು ೦.೧ ಮಿಲಿಮೀಟರು; ಎಂದರೆ ಚುಕ್ಕೆಯ ಅಗಲ ಹಾಳೆಯ ದಪ್ಪದ ಅರ್ಧಕ್ಕಿಂತಲೂ ಕಡಿಮೆ. ಹಾಳೆ ಸೆಕೆಂಡಿಗೆ ೧೦೦ ಮಿಲಿಮೀಟರು ವೇಗದಲ್ಲಿ ಹೋಗುತ್ತಿದ್ದರೆ ಸೆಕೆಂಡಿನ ಎರಡು ಸಾವಿರದ ಒಂದು ಭಾಗದಷ್ಟು ತಪ್ಪಾದರೂ ಒಂದು ಬಣ್ಣ ಇನ್ನೊಂದರಿಂದ ಒಂದು ಚುಕ್ಕೆಯಷ್ಟು ಪಕ್ಕಕ್ಕೆ ಸರಿಯುತ್ತದೆ. ಇಂಥ ತಪ್ಪುಗಳು ಬೆಳೆದರೆ ಕೆಂಪು ಗೆರೆಯ ಒಂದು ಅಂಚಿನಲ್ಲಿ ಹಳದಿ ಇಣುಕುತ್ತದೆ.

ಈ ತೊಡಕನ್ನು ತಪ್ಪಿಸಲು ಅನೇಕ ಲೇಸರ್ ಯಂತ್ರಗಳಲ್ಲಿ ನಾಲ್ಕು ಬಣ್ಣಗಳನ್ನೂ ಮೊದಲು ಕಾಗದದ ಮೇಲೆ ಹಾಕುವುದೇ ಇಲ್ಲ. ನುಣುಪಾದ ಒಂದು ಬೆಲ್ಟು ಸುತ್ತುತ್ತಿರುತ್ತದೆ. ನಾಲ್ಕು ಉರುಳೆಗಳು ಸಾಲಾಗಿ ನಿಂತು ಅದರ ಮೇಲೆ ತಮ್ಮತಮ್ಮ ಬಣ್ಣದ ಪುಡಿಯನ್ನು ಇಡುತ್ತವೆ. ಪೂರ್ಣಗೊಂಡ ಚಿತ್ರವನ್ನು ಬೆಲ್ಟು ಒಂದೇ ಬಾರಿಗೆ ಹಾಳೆಗೆ ಒಪ್ಪಿಸುತ್ತದೆ. ಚಂಚಲವಾದ ಕಾಗದಕ್ಕಿಂತ ಬೆಲ್ಟು ನಂಬಿಕೆಗೆ ಅರ್ಹವೆಂಬ ಲೆಕ್ಕಾಚಾರ ಇದು. ಈ ಒಪ್ಪಿಸುವಿಕೆಯಾದರೂ ವಿದ್ಯುತ್ತಿನಿಂದ: ಆವೇಶವುಳ್ಳ ಪುಡಿಯನ್ನು ಹಾಳೆಯ ಹಿಂಬದಿಯಿಂದ ವಿರುದ್ಧ ಆವೇಶದಿಂದ ಸೆಳೆಯುತ್ತಾರೆ. ಅನಂತರ ಸುಮಾರು ೧೮೦ ಡಿಗ್ರಿ ಸೆಲ್ಸಿಯಸ್ ಬಿಸಿಯ ರೋಲರುಗಳ ನಡುವೆ ಪುಡಿ ಕರಗಿ ನಾರಿಗೆ ಹಿಡಿಯುತ್ತದೆ.

ಮನೆಗಳಲ್ಲಿರುವ ಶಾಯಿಯ ಪ್ರಿಂಟರುಗಳ ಕ್ರಮ ಬೇರೆ. ಅಲ್ಲಿ ಹಾಳೆ ಹೆಜ್ಜೆಹೆಜ್ಜೆಯಾಗಿ ಸರಿಯುತ್ತದೆ. ಪ್ರತಿ ಹೆಜ್ಜೆಯ ನಡುವೆ ಶಾಯಿಯ ತಲೆ ಅಡ್ಡಡ್ಡ ಓಡಿ ಒಂದು ಪಟ್ಟೆಯನ್ನು ಬರೆಯುತ್ತದೆ. ಹೆಜ್ಜೆ ದೊಡ್ಡದಾದರೆ ಎರಡು ಪಟ್ಟೆಗಳ ನಡುವೆ ಬಿಳಿಯ ಗೆರೆ, ಚಿಕ್ಕದಾದರೆ ಕಪ್ಪು ಗೆರೆ ಕಾಣುತ್ತದೆ. ಇನ್ನೂ ಒಣಗದ ಶಾಯಿ ಕೆಡಬಾರದೆಂದು ಹಲ್ಲುಳ್ಳ ಚಿಕ್ಕ ಚಕ್ರಗಳು ತುದಿಗಾಲಿನಲ್ಲಿ ನಡೆದಂತೆ ಹಾಳೆಯನ್ನು ಹೊರಕ್ಕೆ ಸಾಗಿಸುತ್ತವೆ.

ಈ ಪುಡಿಯ ವಿದ್ಯೆಯ ಮೂಲವೂ ದಾಖಲೆಗಳ ಪ್ರತಿಯೇ. ನ್ಯೂಯಾರ್ಕಿನ ಚೆಸ್ಟರ್ ಕಾರ್ಲ್‌ಸನ್ ಪೇಟೆಂಟು ಪತ್ರಗಳ ಕೆಲಸದಲ್ಲಿದ್ದವನು. ಪ್ರತಿ ತೆಗೆಯುವ ಶ್ರಮಕ್ಕೆ ಬೇಸತ್ತು ಒಣ ವಿಧಾನವೊಂದನ್ನು ಹುಡುಕಿ, ೧೯೩೮ರ ಅಕ್ಟೋಬರ್ ೨೨ರಂದು ಮೊದಲ ಪ್ರತಿಯನ್ನು ಪಡೆದನು. ಅದರ ಮೇಲೆ ಮಾರುಕಟ್ಟೆಗೆ ಹೆಸರಾದ “ಜೆರಾಕ್ಸ್ ೯೧೪” ಬಂದುದು ೧೯೫೯ರಲ್ಲಿ. ಕಾಗದ ಒಳಗೆ ಸಿಕ್ಕಿ ಬಿಸಿಗೆ ಹೊತ್ತಿಕೊಳ್ಳುವ ಭಯವಿದ್ದುದರಿಂದ ಆ ಯಂತ್ರದ ಜೊತೆಗೆ ಬೆಂಕಿ ಆರಿಸುವ ಸಣ್ಣ ಸಾಧನವನ್ನೂ ಕೊಡುತ್ತಿದ್ದರು! ಕಾಗದದ ನಡೆಯ ತಾಪತ್ರಯ ಅಷ್ಟು ಹಳೆಯದು.

ಕಾಗದಕ್ಕೆ ಥಂಡಿ

ಈಗ ಅರಕಲಗೂಡಿನ ಅಂಗಡಿಗೆ ಮರಳೋಣ. ಕನ್ನಡದಲ್ಲಿ ಅಡಿಕೆಯ ಹಾಳೆಗೂ ಕಾಗದದ ಹಾಳೆಗೂ ಹೆಸರೊಂದೇ. ಈ ಹೆಸರು ವಿಜ್ಞಾನಕ್ಕೂ ಒಪ್ಪುತ್ತದೆ. ಎರಡೂ ಸಸ್ಯದ ನಾರಿನವು, ಎರಡೂ ತೇವಕ್ಕೆ ಮಣಿಯುವಂಥವು. ೫೦೦ ಹಾಳೆಗಳ ಎರಡೂವರೆ ಕಿಲೋಗ್ರಾಂ ಕಟ್ಟಿನಲ್ಲಿ ನೂರಕ್ಕೆ ನಾಲ್ಕೈದು ಪಾಲು, ಎಂದರೆ ನೂರು ಗ್ರಾಮಿಗೂ ಮಿಕ್ಕು, ನೀರೇ ಇರುತ್ತದೆ. ಹೊದಿಕೆ ಬಿಚ್ಚಿದ ಮೇಲೆ ಕಾಗದವು ಸುತ್ತಲಿನ ಗಾಳಿಗೆ ತಕ್ಕಂತೆ ಈ ನೀರನ್ನು ಹೆಚ್ಚಿಸಿಕೊಳ್ಳುತ್ತದೆ ಅಥವಾ ಬಿಟ್ಟುಕೊಡುತ್ತದೆ.

ಅರಕಲಗೂಡು ತಾಲ್ಲೂಕಿನ ಹೊಗೆಸೊಪ್ಪಿನ ಬೆಳೆಗಾರರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಬೇಯಿಸಿ ಒಣಗಿಸಿದ ಎಲೆಯನ್ನು ಹಾಗೆಯೇ ಮುಟ್ಟಿದರೆ ಪುಡಿಯಾಗುತ್ತದೆ. ಅದು ಗಾಳಿಯಿಂದ ತುಸು ತೇವವನ್ನು ಹೀರಿ ಮೆತ್ತಗಾಗುವ ತನಕ ಕಾದು ಆಮೇಲೆ ವಿಂಗಡಿಸುತ್ತಾರೆ. ತೇವ ಹೆಚ್ಚಾದರೆ ಎಲೆ ಕೆಡುತ್ತದೆ. ಹದವೆಂಬುದು ಎಲೆಗೂ ಒಂದೇ, ಕಾಗದಕ್ಕೂ ಒಂದೇ.

ಹಾಸನ ಜಿಲ್ಲೆಯಲ್ಲಿ ಪಶ್ಚಿಮದ ಘಟ್ಟದಿಂದ ಪೂರ್ವದ ಬಯಲಿಗೆ ಬಂದಂತೆ ಮಳೆ ಕಡಿಮೆಯಾಗುತ್ತದೆ. ಅರಕಲಗೂಡು ಮಲೆನಾಡಿನ ಸೆರಗಿನಲ್ಲಿದೆ. ಹಾಸನ ಅದಕ್ಕೂ ಬಯಲಿಗೂ ನಡುವಣ ನೆಲೆ. ಹೊಳೆನರಸೀಪುರ ಹೇಮಾವತಿಯ ದಡದ ಊರು. ಚನ್ನರಾಯಪಟ್ಟಣ ತೆಂಗಿನ ತೋಟಗಳ ಒಣ ಬಯಲು. ಒಂದೇ ಕಾರ್ಖಾನೆಯ ಕಾಗದ, ಒಂದೇ ಮಾದರಿಯ ಯಂತ್ರ ಈ ನಾಲ್ಕು ಊರುಗಳಿಗೂ ಹೋಗಬಹುದು. ಆದರೆ ಅಲ್ಲಲ್ಲಿಯ ಹವೆ ಯಂತ್ರಕ್ಕೆ ಬೇರೆಬೇರೆ ಪರೀಕ್ಷೆಯನ್ನೊಡ್ಡುತ್ತದೆ.

ಆಷಾಢದ ಜಡಿಮಳೆಯಲ್ಲಿ ತೇವ ಹೀರಿದ ಹಾಳೆ ತನ್ನ ಬಿಗುವನ್ನು ಕಳೆದುಕೊಳ್ಳುತ್ತದೆ. ರಿಜಿಸ್ಟ್ರೇಷನ್ ರೋಲರಿಗೆ ತಗುಲಿ ಬಿಲ್ಲಿನಂತೆ ಬಾಗಬೇಕಾದುದು ಸುಕ್ಕಾಗಿ ಮಡಿಚಿಕೊಳ್ಳುತ್ತದೆ. ಒದ್ದೆ ಕಾಗದ ವಿದ್ಯುತ್ತನ್ನು ಸೋರಿಸುವುದರಿಂದ ಬಣ್ಣದ ಪುಡಿ ಪೂರ್ತಿಯಾಗಿ ಬೆಲ್ಟನ್ನು ಬಿಟ್ಟು ಬರುವುದಿಲ್ಲ, ಅಚ್ಚು ಮಸುಕಾಗುತ್ತದೆ. ಬಿಸಿ ರೋಲರಿನಲ್ಲಿ ನೀರು ಆವಿಯಾಗಿ ಹಾಳೆ ಸುರುಳಿಯಾಗುತ್ತದೆ. ಹಿಂದಿನ ಪುಟವನ್ನು ಅಚ್ಚು ಮಾಡಲು ಅದನ್ನು ಮತ್ತೆ ಒಳಕ್ಕೆಳೆದಾಗ ಆ ಸುರುಳಿಯೇ ಎಲ್ಲೋ ಸಿಕ್ಕಿಕೊಳ್ಳುತ್ತದೆ. ಫಾಲ್ಗುಣ ಚೈತ್ರಗಳ ಒಣ ಬಿಸಿಲಿನಲ್ಲಿ ಚನ್ನರಾಯಪಟ್ಟಣದ ತೊಂದರೆ ಇದಕ್ಕೆ ತದ್ವಿರುದ್ಧವಾಗಬಹುದು. ಒಣಗಿದ ಹಾಳೆಗಳು ಉಜ್ಜಿಕೊಂಡಾಗ ಹುಟ್ಟುವ ವಿದ್ಯುದಾವೇಶ ಸೋರಿಹೋಗಲು ದಾರಿಯಿಲ್ಲದೆ ಹಾಳೆಗಳು ಒಂದಕ್ಕೊಂದು ಅಂಟುತ್ತವೆ, ಎರಡೆರಡಾಗಿ ಹೊರಡುತ್ತವೆ.

ನಾರು ತೇವದಿಂದ ಉಬ್ಬುವುದು ಉದ್ದಕ್ಕಿಂತ ಅಡ್ಡಕ್ಕೆ ಬಹಳ ಹೆಚ್ಚು. ೧೯೫೫ರಲ್ಲಿ ಸ್ಥಾಪಿತವಾದ ದಾಂಡೇಲಿಯ ಕಾರ್ಖಾನೆಯಂಥ ಕಡೆಗಳಲ್ಲಿ ನಾರಿನ ಗಂಜಿ ಓಡುವ ಜಾಲರಿಯ ಮೇಲೆ ಹರಿಯುವಾಗ ನಾರುಗಳು ಹೆಚ್ಚಾಗಿ ಓಟದ ದಿಕ್ಕಿಗೇ ಮಲಗುತ್ತವೆ. ಆದಕಾರಣ ಪ್ರತಿ ಹಾಳೆಗೂ ಒಂದು ಎಳೆ ಇರುತ್ತದೆ. ವಾಚಕರು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಹಾಳೆಯಿಂದ ಒಂದೇ ಅಳತೆಯ ಎರಡು ಪಟ್ಟಿಗಳನ್ನು, ಒಂದನ್ನು ಉದ್ದಕ್ಕೂ ಇನ್ನೊಂದನ್ನು ಅಡ್ಡಕ್ಕೂ ಕತ್ತರಿಸಿ, ಅವುಗಳ ಒಂದು ತುದಿಯನ್ನು ಹಿಡಿದು ಅಡ್ಡಲಾಗಿ ಚಾಚಿರಿ. ಹೆಚ್ಚು ಜೋಲುವ ಪಟ್ಟಿಯಲ್ಲಿ ಎಳೆ ಅಡ್ಡವಾಗಿದೆ. ನೆಟ್ಟಗೆ ನಿಲ್ಲುವುದರಲ್ಲಿ ಉದ್ದವಾಗಿದೆ.

ಹದಿಮೂರೋ ಹದಿನಾಲ್ಕೋ

ಇದೆಲ್ಲ ಅಂಗಡಿಯವನ ಚಿಂತೆ, ನಮಗೇಕೆ ಎನ್ನುವಂತಿಲ್ಲ. ಕರ್ನಾಟಕದಲ್ಲಿ ೨೦೦೦ದ ಸುಮಾರಿಗೆ ಹೊರಟ “ಭೂಮಿ” ಯೋಜನೆಯಲ್ಲಿ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದುವು. ಆ ಬಳಿಕ ಕೈಬರಹದ ಪಹಣಿಗೆ ಬದಲಾಗಿ ಯಂತ್ರದಿಂದ ಹೊರಬಂದ ಹಾಳೆಯೇ ರೈತನ ಕೈಯ ದಾಖಲೆಯಾಯಿತು. ಸಾಲಕ್ಕೆ, ಪರಿಹಾರಕ್ಕೆ, ವ್ಯಾಜ್ಯಕ್ಕೆ ಜನರು ಹಿಡಿದು ಓಡುವುದು ಇಂಥ ಹಾಳೆಗಳನ್ನೇ. ಹಾಳೆ ನಿಂತರೆ ಒಂದು ದಿನದ ಕೂಲಿಯೂ ಬಸ್ಸೂ ತಪ್ಪುತ್ತವೆ. ಆದರೆ ಹಾಳೆ ನಿಲ್ಲುವುದಕ್ಕಿಂತ ಎರಡು ಹಾಳೆ ಸದ್ದಿಲ್ಲದೆ ಒಂದಾಗಿ ಹೋಗುವುದು ಹೆಚ್ಚು ಅಪಾಯ.

ಅಂದು ಆದದ್ದೂ ಅದೇ. ಮೂಲಪತ್ರದ ಹಾಳೆಗಳನ್ನು ಯುವಕ ಯಂತ್ರದ ಮೇಲಿನ ತಟ್ಟೆಯಲ್ಲಿಟ್ಟಿದ್ದ. ಅಲ್ಲಿಯೂ ಇಂಥದೇ ರೋಲರು, ಇಂಥದೇ ಪ್ಯಾಡು. ವರ್ಷಗಟ್ಟಲೆ ಮಡಿಚಿಟ್ಟಿದ್ದ ತೇವದ ಕಾಗದ. ಪ್ರತಿ ಹೊರಬಂದ ಮೇಲೆ ರೈತರು ಹೆಬ್ಬೆರಳನ್ನು ನಾಲಗೆಗೆ ತಾಗಿಸಿ ಒಂದೊಂದಾಗಿ ಎಣಿಸಿದರು. ಹದಿಮೂರು. ಮತ್ತೆ ಎಣಿಸಿದರು, ಹದಿಮೂರೇ. ಒಂಬತ್ತು, ಹತ್ತನೆಯ ಹಾಳೆಗಳು ಒಟ್ಟಿಗೆ ಹೋಗಿದ್ದುವು. ಹತ್ತನೆಯದರ ಪ್ರತಿಯೇ ಆಗಿರಲಿಲ್ಲ. ಜಮೀನಿನ ಚೆಕ್ಕುಬಂದಿಯೆಲ್ಲ ಇದ್ದುದು ಅದರಲ್ಲೇ. ಯಂತ್ರದ ಗಡಿಯಾರಕ್ಕೆ ಏನೂ ತಪ್ಪು ಕಂಡಿರಲಿಲ್ಲ: ಒಂದು ಹಾಳೆ ಹೊರಟಿತ್ತು, ವೇಳೆಗೆ ಸರಿಯಾಗಿ ತಲಪಿತ್ತು. ಯುವಕ ಆ ಒಂದು ಹಾಳೆಯನ್ನು ಗಾಜಿನ ಮೇಲಿಟ್ಟು ಕೈಯಾರೆ ಪ್ರತಿ ತೆಗೆದುಕೊಟ್ಟ.

ಆದುದರಿಂದ ಕೆಲವು ಮಾತುಗಳನ್ನು ನೆನಪಿಡುವುದು ಒಳ್ಳೆಯದು. ಕಾಗದದ ಕಟ್ಟಿನ ಹೊದಿಕೆ ತೇವವನ್ನು ತಡೆಯಲೆಂದೇ ಮಾಡಿದ್ದು. ಬೇಕಾದಷ್ಟನ್ನು ತೆಗೆದುಕೊಂಡು ಉಳಿದುದನ್ನು ಅದರಲ್ಲೇ ಸುತ್ತಿಡಬೇಕು. ಮಳೆಗಾಲದಲ್ಲಿ ರಾತ್ರಿಯೆಲ್ಲ ಟ್ರೇಯಲ್ಲಿ ಕಾಗದವನ್ನು ಬಿಡಬಾರದು. ಕಟ್ಟನ್ನು ನೆಲದ ಮೇಲಾಗಲಿ ಗೋಡೆಗೆ ಒರಗಿಸಿಯಾಗಲಿ ಇಡಬಾರದು. ಟ್ರೇಯ ಪಕ್ಕದ ತಡೆಗಳು ಕಾಗದಕ್ಕೆ ತಾಗಿರಬೇಕು, ಅದನ್ನು ಅಮುಕಬಾರದು. ಸಿಕ್ಕ ಹಾಳೆಯನ್ನು ಅದು ಹೋಗುತ್ತಿದ್ದ ದಿಕ್ಕಿಗೇ, ಎರಡೂ ಕೈಯಿಂದ ನಿಧಾನವಾಗಿ ಎಳೆಯಬೇಕು. ಹರಿದ ಚೂರು ಒಳಗುಳಿದರೆ ಮುಂದಿನ ಹಾಳೆಯೂ ಅಲ್ಲೇ ನಿಲ್ಲುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಯಾವ ಪತ್ರದ ಪ್ರತಿಯನ್ನೇ ಆಗಲಿ ಅಂಗಡಿ ಬಿಡುವ ಮೊದಲು ಎಣಿಸಬೇಕು.

ರೈತರು ಹದಿನಾಲ್ಕನ್ನೂ ಮತ್ತೊಮ್ಮೆ ಎಣಿಸಿ ಚೀಲಕ್ಕೆ ಸೇರಿಸಿದರು. ಐದು ಗಂಟೆಯ ಬಸ್ಸು ಅವರಿಗೆ ಸಿಕ್ಕಿತು.